ಕೇಳುವವರು ಯಾರು? ಭಾರತದಲ್ಲಿ ಮನೋರೋಗಿಗಳ ಆರೈಕೆ, ನಿರ್ಲಕ್ಷ್ಯ ಮತ್ತು ಕಾನೂನಿನ ಕಾವಲು (1858–2023)

ಪೀಠಿಕೆ

2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರ್ವಾಡಿಯಲ್ಲಿ ಗರಿ ಹೊದಿಸಿದ ಒಂದು ಚಪ್ಪರಕ್ಕೆ ಬೆಂಕಿ ಬಿತ್ತು. ಅದು ಮನೋರೋಗಿಗಳನ್ನು ಇರಿಸಿಕೊಂಡಿದ್ದ ಖಾಸಗಿ ಆಶ್ರಯತಾಣ. ಒಳಗೆ ಮಲಗಿದ್ದವರಲ್ಲಿ ಹೆಚ್ಚಿನವರನ್ನು ಸರಪಳಿಯಿಂದ ಕಟ್ಟಿಹಾಕಿದ್ದರು. ಅವರು ಎದ್ದು ಓಡುವಂತಿರಲಿಲ್ಲ. ಅಂದು 25 ಮಂದಿ ಸತ್ತರು. ಮುಂದೆ ಸಾವಿನ ಸಂಖ್ಯೆ 28ಕ್ಕೇರಿತು.

ಈ ದುರಂತವನ್ನು ಕಾನೂನಿಲ್ಲದ ನಾಡಿನ ಕಥೆಯೆಂದು ಓದಿದರೆ ತಪ್ಪಾಗುತ್ತದೆ. ಮನೋರೋಗಿಯನ್ನು ಯಾರಾದರೂ ಕ್ರೂರವಾಗಿ ನಡೆಸಿಕೊಂಡರೆ, ಕಡೆಗಣಿಸಿದರೆ, ಅದನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸುವುದು ಠಾಣಾಧಿಕಾರಿಯ ಕರ್ತವ್ಯವೆಂದು ಶಾಸನ ಹೇಳಿ ಆಗಲೇ 89 ವರ್ಷ ಕಳೆದಿದ್ದವು. ಅಂಥ ಆಶ್ರಯತಾಣ ನಡೆಸಲು ಪರವಾನಗಿ ಬೇಕೆಂಬ ನಿಯಮ ಜಾರಿಗೆ ಬಂದು ಎಂಟು ವರ್ಷವಾಗಿತ್ತು. ಇಷ್ಟಿದ್ದೂ ಸರಪಳಿ ಹೇಗೆ ಉಳಿಯಿತು?

ತನ್ನ ನೋವನ್ನು ತಾನೇ ಹೇಳಿಕೊಳ್ಳಲಾಗದ, ಹೇಳಿದರೂ ಲೋಕ ನಂಬದ ವಯಸ್ಕರನ್ನು ಭಾರತದ ಕಾನೂನು ಹೇಗೆ ಕಾಯಲು ಹೊರಟಿತು, ಎಲ್ಲಿ ಸೋತಿತು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಲೇಖನದ ವಾದ ಇಷ್ಟು: ರಕ್ಷಣೆ ಶಾಸನದಲ್ಲಿ ಹುಟ್ಟಿದರೂ ಬದುಕುವುದು ಹೊರಗಿನಿಂದ ಬಂದು ಕೇಳುವವರಿಂದ. 'ಹೇಳುವವರಿಲ್ಲ, ಕೇಳುವವರಿಲ್ಲ' ಎಂದು ನಾವು ಆಡುಮಾತಿನಲ್ಲಿ ಹೇಳುವ ಸ್ಥಿತಿಯೇ ಈ ಚರಿತ್ರೆಯಲ್ಲಿ ಪ್ರತಿ ದುರಂತಕ್ಕೂ ಮೊದಲು ಕಾಣುವ ಸ್ಥಿತಿ.

ಜೈಲಿನ ಮಾದರಿ, ಸಂದರ್ಶಕರ ಕಲಮು

1858ರಲ್ಲಿ ಬ್ರಿಟಿಷ್ ಭಾರತದಲ್ಲಿ ಮನೋರೋಗಕ್ಕೆ ಸಂಬಂಧಿಸಿದ ಮೂರು ಶಾಸನಗಳು ಬಂದವು. ಅವುಗಳಲ್ಲಿ 36ನೇ ಕಾಯ್ದೆ ಹುಚ್ಚಾಸ್ಪತ್ರೆಗಳಿಗೆ ಸಂಬಂಧಿಸಿದ್ದು. (ಅಂದಿನ ಕಡತಗಳ ಮಾತನ್ನು ಇಲ್ಲಿ ಇತಿಹಾಸದ ಪದವಾಗಿಯೇ ಬಳಸಿದ್ದೇನೆ.) ಈ ಆಸ್ಪತ್ರೆಗಳ ಮುಖ್ಯ ಉದ್ದೇಶ ಚಿಕಿತ್ಸೆಗಿಂತ ಹೆಚ್ಚಾಗಿ ಬಂಧನವಾಗಿತ್ತು. ಆದರೂ ಅದೇ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಒಂದು ಅಂಶವಿತ್ತು. ಪ್ರತಿ ಆಸ್ಪತ್ರೆಗೂ ಸರ್ಕಾರ 'ಸಂದರ್ಶಕರನ್ನು' ನೇಮಿಸಬೇಕಿತ್ತು.

1912ರ ಭಾರತೀಯ ಹುಚ್ಚರ ಕಾಯ್ದೆ ಈ ಏರ್ಪಾಡನ್ನು ಸ್ಪಷ್ಟವಾಗಿ ಬರೆದಿಟ್ಟಿತು. ಸಂದರ್ಶಕರು ಮೂವರಿಗೆ ಕಡಿಮೆ ಇರಕೂಡದು, ಅವರಲ್ಲಿ ಒಬ್ಬರಾದರೂ ವೈದ್ಯಾಧಿಕಾರಿಯಾಗಿರಬೇಕು. ಕನಿಷ್ಠ ಇಬ್ಬರು ತಿಂಗಳಿಗೊಮ್ಮೆ ಜೊತೆಯಾಗಿ ಬಂದು ಆಸ್ಪತ್ರೆಯ ಮೂಲೆಮೂಲೆಯನ್ನೂ ನೋಡಬೇಕು. ಒಳಗಿರುವವರ ಪರವಾಗಿ ಹೊರಗಿನವರೊಬ್ಬರು ಕೇಳಬೇಕೆಂಬ ತತ್ವಕ್ಕೆ ಹೀಗೆ ಶಾಸನದ ರೂಪ ಬಂತು. ಆದರೆ ಅದೇ ಕಾಯ್ದೆಯ ಪ್ರಕಾರ ಜೈಲುಗಳ ಇನ್‌ಸ್ಪೆಕ್ಟರ್ ಜನರಲ್ ಪದನಿಮಿತ್ತ ಸಂದರ್ಶಕರು. ಜೈಲು ನೋಡಿ ಪಳಗಿದ ಕಣ್ಣೇ ರೋಗಿಯನ್ನೂ ನೋಡುತ್ತಿತ್ತು. 20ನೇ ಶತಮಾನದ ಮೊದಲ ದಶಕದವರೆಗೂ ಈ ಆಸ್ಪತ್ರೆಗಳು ಜೈಲು ಇಲಾಖೆಯ ಕೈಕೆಳಗೇ ಇದ್ದುವು. ಗೋಡೆಯ ಎತ್ತರ, ಕೋಣೆಯ ಸರಳು, ತಪ್ಪಿಸಿಕೊಂಡವರ ಲೆಕ್ಕ ಇವೇ ಮುಖ್ಯವಾದುದು ಸಹಜ.

ಹೆಸರು ಬದಲಾಗುತ್ತಾ ಬಂತು. ಬೆಂಗಳೂರಿನಲ್ಲಿ 19ನೇ ಶತಮಾನದ ಮಧ್ಯಭಾಗದಿಂದ ಇದ್ದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮೈಸೂರು ಸರ್ಕಾರ 'ಮಾನಸಿಕ ಆಸ್ಪತ್ರೆ' ಎಂದು ಹೆಸರಿಟ್ಟಿತು. ಆದರೆ ದೇಶದ ಒಟ್ಟು ಸ್ಥಿತಿ ಹೆಸರಿನಷ್ಟು ಬೇಗ ಬದಲಾಗಲಿಲ್ಲ. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಗಾಗಿ ರಾಂಚಿಯ ಯುರೋಪಿಯನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಮೂರ್ ಟೇಲರ್ ದೇಶದ ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ ನೋಡಿದರು. ಇವು ಜನರನ್ನು ಕೂಡಿಹಾಕಲು ಕಟ್ಟಿದವು, ಗುಣಪಡಿಸಲು ಕಟ್ಟಿದವಲ್ಲ ಎಂಬುದು ಅವರ ವರದಿಯ ಸಾರ. ಆಗ ಇಡೀ ದೇಶಕ್ಕೆ ಇದ್ದದ್ದು ಹತ್ತು ಸಾವಿರದಷ್ಟು ಹಾಸಿಗೆ, ಅಂದರೆ ಸುಮಾರು 40,000 ಜನರಿಗೆ ಒಂದು. ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಒಂದು ಹಾಸಿಗೆ ಇತ್ತು.

ಈ ಕೊರತೆಯ ಇನ್ನೊಂದು ಮುಖ ದೂರ. ಮನೆಯವರು ರೋಗಿಯನ್ನು ನೂರಾರು ಮೈಲಿ ದಾಟಿಸಿ ಬಿಟ್ಟುಬರುತ್ತಿದ್ದರು. ಮತ್ತೆ ಬರಲು ಖರ್ಚು, ಊರಿನವರ ಬಾಯಿಗೆ ಅಂಜಿಕೆ. ವರ್ಷ ಕಳೆದಂತೆ ಕಾಗದ ನಿಲ್ಲುತ್ತಿತ್ತು. ಸರ್ಕಾರಿ ಸಂದರ್ಶಕರು ಮೂಲೆಮೂಲೆಯನ್ನು ನೋಡಿ ಹೋದರೂ 'ನಮ್ಮ ಅಣ್ಣ ಹೇಗಿದ್ದಾನೆ?' ಎಂದು ಹೆಸರು ಹಿಡಿದು ಕೇಳುವ ಒಬ್ಬರೂ ಇರುತ್ತಿರಲಿಲ್ಲ.

ಅಮೃತಸರದ ಡೇರೆಗಳು

ಈ ಚರಿತ್ರೆಯ ದೊಡ್ಡ ತಿರುವು ಶಾಸನದಿಂದ ಬರಲಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನು ಜೊತೆಗೇ ಉಳಿಸಿಕೊಂಡರು. ತಾಯಿ ಮಗನಿಗೆ ಊಟ ಕೊಟ್ಟಳು, ಅಣ್ಣ ತಮ್ಮನ ಪಕ್ಕದಲ್ಲಿ ಮಲಗಿದ. ಕಾಯಿಲೆ ಏನು, ಔಷಧ ಹೇಗೆ ಕೊಡಬೇಕು ಎಂಬುದನ್ನು ಕಣ್ಣಾರೆ ಕಂಡು ಕಲಿತ ಕುಟುಂಬ, ಗುಣವಾದವನನ್ನು ಕರೆದುಕೊಂಡು ಊರಿಗೆ ಮರಳಿತು.

ಇದನ್ನು ಸಾಮಾನ್ಯವಾಗಿ ಚಿಕಿತ್ಸೆಯ ಇತಿಹಾಸದಲ್ಲಿ ಹೇಳುತ್ತಾರೆ. ರಕ್ಷಣೆಯ ಇತಿಹಾಸದಲ್ಲೂ ಇದಕ್ಕೆ ದೊಡ್ಡ ಸ್ಥಾನ ಸಲ್ಲಬೇಕೆಂಬುದು ನನ್ನ ನಿಲುವು. ತಾಯಿ ಎದುರಿಗಿರುವಾಗ ಮಗನನ್ನು ಹೊಡೆಯುವುದು ಸುಲಭವಲ್ಲ. ಕಾಯ್ದೆ ತಿಂಗಳಿಗೊಮ್ಮೆ ಕಳಿಸುತ್ತಿದ್ದ ಸಂದರ್ಶಕರ ಜಾಗದಲ್ಲಿ ಇಲ್ಲಿ ಹಗಲೂ ರಾತ್ರಿ ಉಳಿಯುವ ಸಂದರ್ಶಕರಿದ್ದರು. ಮುಂದೆ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಕುಟುಂಬ ಜೊತೆಗಿರುವ ಪದ್ಧತಿಯನ್ನು ಬೆಳೆಸಿತು.

ಕರ್ನಾಟಕ ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. 1974ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ರೂಪುಗೊಂಡ ಮೇಲೆ ಅದರ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಗಳಿಗೆ ಚಿಕಿತ್ಸೆ ಒಯ್ಯುವ ಪ್ರಯೋಗ ನಡೆಸಿದರು. 1980ರ ದಶಕದ ಮಧ್ಯದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆ ಊರಿನ ಹತ್ತಿರವೇ ಸಿಗುವಂತೆ ಮಾಡಲಾಯಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಔಷಧ ಹತ್ತಿರ ಸಿಕ್ಕರೆ ಮನುಷ್ಯನನ್ನು ದೂರದಲ್ಲಿ ಬಿಟ್ಟುಬರುವ ಕಾರಣವೇ ಇಲ್ಲವಾಗುತ್ತದೆ. ನಿರ್ಲಕ್ಷ್ಯ ಬೆಳೆಯುವುದೇ ಆ ದೂರದಲ್ಲಿ.

ನ್ಯಾಯಾಲಯ ಬಾಗಿಲು ತಟ್ಟಿದಾಗ

1980ರ ದಶಕದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಕೇಳುವವರ ಹೊಸದೊಂದು ಬಗೆಯನ್ನು ಸೃಷ್ಟಿಸಿದವು. ರಾಂಚಿಯ ಸರ್ಕಾರಿ ಮಾನಸಿಕ ಆಸ್ಪತ್ರೆಯ ದುಃಸ್ಥಿತಿ ಹೀಗೆಯೇ ಸುಪ್ರೀಂ ಕೋರ್ಟಿನ ಮುಂದೆ ಬಂತು. 1993ರಲ್ಲಿ ಶೀಲಾ ಬರ್ಸೆ ಪ್ರಕರಣದಲ್ಲಿ, ಅಪರಾಧವನ್ನೇ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರವೆಂದು ಕೋರ್ಟು ಹೇಳಿತು. 1997ರ ನವೆಂಬರಿನಲ್ಲಿ ಆಗ್ರಾ, ಗ್ವಾಲಿಯರ್ ಮತ್ತು ರಾಂಚಿ ಆಸ್ಪತ್ರೆಗಳ ಮೇಲ್ವಿಚಾರಣೆಯನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವಹಿಸಿತು.

ಆಯೋಗ ದೇಶದ 37 ಮಾನಸಿಕ ಆಸ್ಪತ್ರೆಗಳ ಅಧ್ಯಯನವನ್ನು ನಿಮ್ಹಾನ್ಸ್‌ಗೆ ಒಪ್ಪಿಸಿತು. ಡಾ. ಎಸ್. ಎಂ. ಚನ್ನಬಸವಣ್ಣ ಅದರ ಮುಂದಾಳು. 1999ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಶೇ. 38ರಷ್ಟು ಆಸ್ಪತ್ರೆಗಳು ಆಗಲೂ ಜೈಲಿನಂಥ ಕಟ್ಟಡವನ್ನೇ ಉಳಿಸಿಕೊಂಡಿದ್ದವು. 1858ರ ನೆರಳು ಶತಮಾನ ಮುಗಿಯುವವರೆಗೂ ಗೋಡೆಯ ಮೇಲೆ ಉಳಿದಿತ್ತು. ಆದರೆ ಈ ವರದಿ ಕಪಾಟಿನಲ್ಲಿ ಧೂಳು ಹಿಡಿಯಲಿಲ್ಲ. ಆಯೋಗವೂ ನಿಮ್ಹಾನ್ಸ್‌ನ ವೈದ್ಯರೂ ಮತ್ತೆ ಹೋಗಿ ನೋಡಿ 2008ರಲ್ಲಿ ಹೊರತಂದ ಗ್ರಂಥ ಹಲವೆಡೆ ಆದ ಸುಧಾರಣೆಗಳನ್ನು ದಾಖಲಿಸಿದೆ. ಮತ್ತೆ ಬಂದು ನೋಡುತ್ತಾರೆಂಬ ಅರಿವು ಇದ್ದಲ್ಲಿ ಬದಲಾವಣೆ ಬಂತು.

ಎರ್ವಾಡಿ: ಕಾನೂನುಗಳ ನಡುವಿನ ಬಿರುಕು

1987ರ ಮಾನಸಿಕ ಆರೋಗ್ಯ ಕಾಯ್ದೆ 1993ರ ಏಪ್ರಿಲ್ 1ರಂದು ಜಾರಿಗೆ ಬಂದು 1912ರ ಕಾಯ್ದೆಯನ್ನು ಕಳಚಿಹಾಕಿತು. ಸಂದರ್ಶಕರ ಸಂಖ್ಯೆ ಕನಿಷ್ಠ ಐದಕ್ಕೆ ಏರಿತು. ಅವರಲ್ಲಿ ಇಬ್ಬರು ಸಮಾಜ ಕಾರ್ಯಕರ್ತರು. ರೋಗಿಯ ಮೇಲೆ ಕ್ರೌರ್ಯವನ್ನೂ ಅವಮಾನವನ್ನೂ ಅದು ನಿಷೇಧಿಸಿತು. ಪೊಲೀಸರ ಕರ್ತವ್ಯದ ಹಳೆಯ ಕಲಮೂ ಮುಂದುವರಿಯಿತು.

ಇನ್ನೊಂದು ಕಾಯ್ದೆಯೂ ಇತ್ತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಹಾಗೂ ಬಹುವಿಕಲತೆ ಇರುವವರಿಗೆ ಪಾಲಕರನ್ನು ನೇಮಿಸುವ ವ್ಯವಸ್ಥೆ ಮಾಡಿತು. ಪಾಲಕರೇ ಹಿಂಸೆ ಕೊಟ್ಟರೆ ಅವರನ್ನು ತೆಗೆದುಹಾಕುವ ಅಧಿಕಾರವೂ ಸ್ಥಳೀಯ ಸಮಿತಿಗೆ ಸಿಕ್ಕಿತು. ಅದರ 2000ದ ನಿಯಮಗಳು ಹಿಂಸೆ, ನಿರ್ಲಕ್ಷ್ಯವೆಂದರೆ ಏನೆಂದು ಒಂದೊಂದಾಗಿ ಪಟ್ಟಿ ಮಾಡಿದವು: ಬಹುಕಾಲ ಒಂಟಿಯಾಗಿ ಕೂಡಿಹಾಕುವುದು, ಸರಪಳಿ ಹಾಕುವುದು, ಹೊಡೆಯುವುದು, ಅನ್ನ ನೀರು ಬಟ್ಟೆ ಕೊಡದಿರುವುದು, ಆಸ್ತಿ ಕಬಳಿಸುವುದು. ಎರ್ವಾಡಿಗೆ ಒಂದು ವರ್ಷ ಮೊದಲೇ 'ಸರಪಳಿ' ಎಂಬ ಮಾತು ದೇಶದ ನಿಯಮಪುಸ್ತಕದಲ್ಲಿತ್ತು. ಆದರೆ ಆ ನಾಲ್ಕು ವಿಕಲತೆಗಳಲ್ಲಿ ಮನೋರೋಗ ಸೇರಿರಲಿಲ್ಲ. ಮನೋರೋಗಿಗೆ ಅನ್ವಯಿಸುವ ಕಾಯ್ದೆಯಲ್ಲಿ ಸಂದರ್ಶಕರಿದ್ದರು. ಅವರು ಕಾಲಿಡುತ್ತಿದ್ದುದು ಕಾನೂನಿನ ಲೆಕ್ಕಕ್ಕೆ ಸಿಕ್ಕ ಆಸ್ಪತ್ರೆಗಳಿಗೆ. ಎರ್ವಾಡಿಯ ದರ್ಗಾದ ಸುತ್ತ ನಂಬಿಕೆಯ ಆಸರೆಯಲ್ಲಿ ಹಬ್ಬಿದ ಚಪ್ಪರಗಳು ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

ಮನೆಯವರನ್ನು ದೂರುವುದು ಸುಲಭ. ದಾರಿ ಕಾಣದವರು ದೇವರ ಬಾಗಿಲಿಗೆ ಬಂದಿದ್ದರು. ಹತ್ತಿರದಲ್ಲಿ ವೈದ್ಯರಿರಲಿಲ್ಲ, ಚಪ್ಪರದವರು ಹಣ ಪಡೆದು 'ನೋಡಿಕೊಳ್ಳುತ್ತೇವೆ' ಎಂದರು. ದುರಂತದ ನಂತರ ಸರ್ಕಾರ ಆ ಆಶ್ರಯತಾಣಗಳನ್ನು ಮುಚ್ಚಿಸಿತು. ಐನೂರಕ್ಕೂ ಹೆಚ್ಚು ಮಂದಿಯನ್ನು ತನ್ನ ಆರೈಕೆಗೆ ತೆಗೆದುಕೊಂಡಿತು. ಸುಪ್ರೀಂ ಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು, ಇಂಥ ಸಂಸ್ಥೆಗಳ ಸಮೀಕ್ಷೆ ನಡೆಸಲು 2002ರಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು.

ಕರ್ನಾಟಕ ತಾನು ಈ ಪಾಪದಿಂದ ಹೊರತೆಂದು ಹೇಳಿಕೊಳ್ಳುವಂತಿಲ್ಲ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಹೆಸರಿನಲ್ಲಿ ಬೀದಿಯಿಂದ ಹಿಡಿದು ತಂದವರು ಅವರು, ಅವರ ಪರವಾಗಿ ಕೇಳುವವರೂ ಇರಲಿಲ್ಲ. ಸಾಲುಸಾಲಾಗಿ ಹೆಣಗಳು ಬಿದ್ದ ಮೇಲಷ್ಟೇ ನಾಡು ಆ ಗೇಟಿನ ಕಡೆ ತಿರುಗಿ ನೋಡಿತು.

ಹೊಸಿಲು ದಾಟಿದ ಕಾನೂನು

2007ರಲ್ಲಿ ಭಾರತ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಅದೇ ವರ್ಷ, ನೋವು ಹೇಳಿಕೊಳ್ಳಲಾಗದ ಇನ್ನೊಂದು ಗುಂಪಿಗಾಗಿ, ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಜೀವನಾಂಶ ಕಾಯ್ದೆ ಬಂತು. ಹಿರಿಯರನ್ನು ನೋಡಿಕೊಳ್ಳಬೇಕಾದವರೇ ಎಲ್ಲೋ ತೊರೆದುಬಂದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಕಲಮು. ಹಿರಿಯರು ತಾವೇ ಅರ್ಜಿ ಕೊಡಲಾಗದಿದ್ದರೆ ಅವರ ಪರವಾಗಿ ಬೇರೊಬ್ಬರು ಅಥವಾ ಒಂದು ಸಂಸ್ಥೆ ಕೊಡಬಹುದು. ನ್ಯಾಯಮಂಡಳಿ ತಾನಾಗಿಯೇ ವಿಚಾರಣೆ ಆರಂಭಿಸಬಹುದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಈ ಅರ್ಜಿಗಳು ನಡೆಯುತ್ತವೆ. ಮನೆಯೊಳಗಿನ ಮಾತು ಮನೆಯಲ್ಲೇ ಇರಬೇಕೆಂಬ ರೂಢಿಯನ್ನು ದಾಟಿ ಕಾನೂನು ಹೊಸಿಲ ಒಳಗೆ ಕಾಲಿಟ್ಟದ್ದು ಹೀಗೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ವಿಸ್ತರಿಸಿತು. ವಿಕಲಚೇತನರ ಮೇಲೆ ಹಿಂಸೆ, ಶೋಷಣೆ ನಡೆಯುತ್ತಿದೆಯೆಂದು ಗೊತ್ತಾದ ಯಾರೇ ಆಗಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮನೋರೋಗಿಗೆ ಯಾವ ರೀತಿಯಲ್ಲೂ ಸರಪಳಿ ಹಾಕಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿತು. ಸಮುದಾಯದಲ್ಲಿ ಬದುಕುವ ಹಕ್ಕನ್ನೂ, ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ತಾನೇ ಆರಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಕೇಳುವವರು ಯಾರಿರಬೇಕೆಂದು ರೋಗಿಯೇ ಹೇಳುವಂತಾದದ್ದು ಈ ದೀರ್ಘ ಚರಿತ್ರೆಯ ಅತ್ಯಂತ ಘನವಾದ ಗಳಿಕೆ.

ಆದರೆ ಒಂದು ನಷ್ಟವೂ ಆಯಿತು. ಹಳೆಯ ಕಾಯ್ದೆಗಳು ಹೇಳಿದ್ದ ತಿಂಗಳಿಗೊಮ್ಮೆಯ ಸಂದರ್ಶನ ಹೊಸ ಕಾಯ್ದೆಯಲ್ಲಿ ಉಳಿಯಲಿಲ್ಲ. ಆ ಜಾಗಕ್ಕೆ ಪರಿಶೀಲನಾ ಮಂಡಳಿಗಳು, ಮೂರು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ, ಅಧಿಕಾರಿಗಳಿಗೆ ಬೇಕೆನಿಸಿದಾಗ ಇಲ್ಲವೆ ದೂರು ಬಂದಾಗ ತಪಾಸಣೆ ಬಂದವು. ದೂರು ಕೊಡಲು ಬಾಯಿ ಬೇಕು. ಈ ಚರಿತ್ರೆಯ ಉದ್ದಕ್ಕೂ ನಾವು ಕಂಡವರಿಗೆ ಇಲ್ಲದ್ದೇ ಅದು. ಹೊಸ ಕಾಯ್ದೆ ಜಾರಿಯಾದ ಮರುವರ್ಷವೇ, 2019ರ ಜನವರಿಯಲ್ಲಿ, ಉತ್ತರ ಪ್ರದೇಶದ ಬದಾಯೂಂನ ಒಂದು ಧಾರ್ಮಿಕ ಆಶ್ರಯತಾಣದಲ್ಲಿ ಮನೋರೋಗಿಗಳಿಗೆ ಸರಪಳಿ ಹಾಕಿದ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂತು. 2023ರ ಜನವರಿಯಲ್ಲಿ ಮಾನವ ಹಕ್ಕುಗಳ ಆಯೋಗ ಆಗ್ರಾ, ಗ್ವಾಲಿಯರ್, ರಾಂಚಿಗಳನ್ನು ಮತ್ತೆ ನೋಡಿಬಂದು, ದೇಶದ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಸ್ಥಿತಿ ಅಮಾನವೀಯವೆಂದು ನೋಟಿಸು ಕೊಟ್ಟಿತು. 1997ರಲ್ಲಿ ಕೋರ್ಟು ಹೆಸರಿಸಿದ ಊರುಗಳೇ ಅವು.

ಉಪಸಂಹಾರ

ಈ ಚರಿತ್ರೆಯಿಂದ ಎರಡು ತೀರ್ಮಾನಗಳಿಗೆ ಬರಬಹುದು. ಒಂದು, ನಮ್ಮಲ್ಲಿ ಶಾಸನದ ಮಾತು ಎಂದೂ ತೀರಾ ಬಡವಾಗಿರಲಿಲ್ಲ. ಠಾಣಾಧಿಕಾರಿಯ ವರದಿಯ ಕರ್ತವ್ಯ 1912, 1987, 2017 ಮೂರೂ ಕಾಯ್ದೆಗಳಲ್ಲಿದೆ. ಮೂರು ತಲೆಮಾರು ಅದೇ ಮಾತನ್ನು ಹೊಸದಾಗಿ ಬರೆಯಿತು. ಎರಡು, ಒಳ್ಳೆಯ ಬದಲಾವಣೆಗಳು ಹೆಚ್ಚಾಗಿ ಬಂದದ್ದು ರೋಗಿಯ ಬಳಿಗೆ ಮನುಷ್ಯರು ಬಂದಾಗ. ಅಮೃತಸರದಲ್ಲಿ ಬಂದವರು ಮನೆಯವರು, ಬಳ್ಳಾರಿಯಲ್ಲಿ ಆರೋಗ್ಯ ಕೇಂದ್ರದ ಸಿಬ್ಬಂದಿ, 1999ರ ವರದಿಗಾಗಿ ಬೆಂಗಳೂರಿನಿಂದ ಹೊರಟ ವೈದ್ಯರು.

ಹೀಗಾಗಿ ಮುಂದಿನ ಸುಧಾರಣೆ ಆರಂಭವಾಗಬೇಕಾದುದು 1912ರ ಆ ಚಿಕ್ಕ ಕಲಮನ್ನು ಅದರ ಜೈಲು ವಾಸನೆ ತೊಳೆದು ಮರಳಿ ತರುವುದರಿಂದ. ತಿಂಗಳಿಗೊಮ್ಮೆ, ದೂರಿಗೆ ಕಾಯದೆ, ಮೂಲೆಮೂಲೆಯನ್ನೂ ನೋಡುವವರು ಬೇಕು. ಅವರಲ್ಲಿ ಹಿಂದೊಮ್ಮೆ ಒಳಗಿದ್ದು ಗುಣವಾಗಿ ಬಂದವರು ಇರಬೇಕು, ರೋಗಿಯ ಮನೆಯವರು ಇರಬೇಕು, ಊರಿನ ಆಶಾ ಕಾರ್ಯಕರ್ತೆ ಇರಬೇಕು. ಎರ್ವಾಡಿಯ ಚಪ್ಪರಕ್ಕೆ ಆ ಹಿಂದಿನ ತಿಂಗಳು ಇಂಥ ಒಬ್ಬರು ಬಂದು, ಕಟ್ಟಿದ ಕಾಲುಗಳ ಪಕ್ಕ ಕುಳಿತು 'ಊಟ ಆಯ್ತಾ?' ಎಂದು ಕೇಳಿದ್ದರೆ, ಸರಪಳಿ ಅವರ ಕಣ್ಣಿಗೆ ಬೀಳುತ್ತಿತ್ತು.