ಕಿರುಕೃತಿಗಳ ಹಿರಿಮೆ

ಪಿಯಾನೊ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ದೊಡ್ಡ ವೇದಿಕೆ ಮತ್ತು ಕೀಲಿಮಣೆಯ ಮೇಲೆ ಮಿಂಚಿನಂತೆ ಓಡುವ ಬೆರಳುಗಳು. ಆದರೆ, ಪ್ರಿಯ ಓದುಗರೇ, ಪಾಶ್ಚಾತ್ಯ ಸಂಗೀತದ ಇತಿಹಾಸದಲ್ಲಿ ಇನ್ನೊಂದು ಧಾರೆಯೂ ಇದೆ. ಒಂದೆರಡು ನಿಮಿಷಗಳಲ್ಲಿ ಮುಗಿಯುವ ಪುಟ್ಟ ಕೃತಿಗಳನ್ನು ಒಂದಾದ ಮೇಲೊಂದರಂತೆ ಕಲಿಯುತ್ತಾ ಹೋಗುವ ಮನೆಯ ಸಾಧನೆ ಅದು. ಅದರ ಜಾಡು ಹಿಡಿದು ಹಿಂದಕ್ಕೆ ಹೋದರೆ ಒಬ್ಬ ತಂದೆ ತನ್ನ ಮಗನಿಗಾಗಿ ಬರೆದ ಪುಸ್ತಕವೊಂದು ನಮಗೆ ಎದುರಾಗುತ್ತದೆ.

ಯೊಹಾನ್ ಸೆಬಾಸ್ಟಿಯನ್ ಬಾಖ್ ಅವರು ಆಗ ಜರ್ಮನಿಯ ಕ್ಯೋಥೆನ್ ಪಟ್ಟಣದ ರಾಜಕುಮಾರನ ಆಸ್ಥಾನದಲ್ಲಿ ಸಂಗೀತ ಮುಖ್ಯಸ್ಥರಾಗಿದ್ದರು. 1720ರ ಜನವರಿ 22ರಂದು ಅವರು ಒಂಬತ್ತು ವರ್ಷದ ಹಿರಿಯ ಮಗ ವಿಲ್‌ಹೆಲ್ಮ್ ಫ್ರೀಡಮನ್‌ನಿಗಾಗಿ ಈ ಪುಸ್ತಕವನ್ನು ಆರಂಭಿಸಿದರು. ಅಂದಿನ ಜರ್ಮನಿಯ ಮನೆಗಳಲ್ಲಿ ಪಿಯಾನೊ ಇನ್ನೂ ಬಳಕೆಗೆ ಬಂದಿರಲಿಲ್ಲ. ಹಾರ್ಪ್ಸಿಕಾರ್ಡ್, ಕ್ಲಾವಿಕಾರ್ಡ್‌ಗಳೇ ಮಕ್ಕಳ ಕಲಿಕೆಯ ವಾದ್ಯಗಳು. ಪುಸ್ತಕದ ಮೊದಲಿಗೆ ಸ್ವರಗಳ ಹೆಸರುಗಳಿವೆ, ಅಲಂಕಾರಗಳ ಪಟ್ಟಿಯಿದೆ. ಬಳಿಕ, ಯಾವ ಸ್ವರಕ್ಕೆ ಯಾವ ಬೆರಳು ಎಂದು ಅಂಕಿಗಳಲ್ಲಿ ಗುರುತಿಸಿದ ಪುಟ್ಟ ಕೃತಿ. ಅದರ ನೆತ್ತಿಯಲ್ಲಿ, 'ಯೇಸುವಿನ ನಾಮದಲ್ಲಿ' ಎಂಬರ್ಥದ ಲತೀನ್ ನುಡಿಯ ಮೂರು ಮೊದಲಕ್ಷರಗಳು. ಬೆರಳು ಇಡುವುದನ್ನು ಕಲಿಸುವ ಪಾಠವೂ ಆ ತಂದೆಗೆ ಪ್ರಾರ್ಥನೆಯಿಂದ ಆರಂಭಿಸತಕ್ಕ ಕಾರ್ಯವಾಗಿತ್ತು.

ಅದೇ ವರ್ಷದ ಬೇಸಿಗೆಯಲ್ಲಿ ಬಾಖ್ ಅವರು ರಾಜಕುಮಾರನೊಡನೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದರು. ಹಿಂದಿರುಗಿದಾಗ ಪತ್ನಿ ಮರಿಯಾ ಬಾರ್ಬರಾ ತೀರಿಕೊಂಡು, ಅಂತ್ಯಕ್ರಿಯೆಯೂ ಮುಗಿದುಹೋಗಿತ್ತು. ಮನೆಯಲ್ಲಿ ಉಳಿದವರು ತಾಯಿಯಿಲ್ಲದ ನಾಲ್ವರು ಮಕ್ಕಳು. ಆದರೂ ಮಗನ ಪುಸ್ತಕ ನಿಲ್ಲಲಿಲ್ಲ. ಮುಂದಿನ ಪುಟಗಳಲ್ಲಿ ಕೆಲವು ತಂದೆಯ ಕೈಬರಹದಲ್ಲಿವೆ, ಕೆಲವು ಮಗನದರಲ್ಲಿ. ಅಲ್ಲಿ ಮೊಳೆತ ಕಿರುಕೃತಿಗಳನ್ನೇ ತಿದ್ದಿ, 1723ರಲ್ಲಿ ಬಾಖ್ ಅವರು 30 ಕೃತಿಗಳ ಶುದ್ಧಪ್ರತಿಯನ್ನು ಸಿದ್ಧಪಡಿಸಿದರು. ಎರಡು ದನಿಗಳ 15 'ಇನ್ವೆನ್ಶನ್'ಗಳು, ಮೂರು ದನಿಗಳ 15 'ಸಿನ್ಫೋನಿಯಾ'ಗಳು. ಮೊದಲನೆಯ ಇನ್ವೆನ್ಶನ್ ಬರೀ 22 ಆವರ್ತಗಳಷ್ಟು ಉದ್ದ. ಆದರೆ ಇಲ್ಲಿ ಎಡಗೈ ಬಲಗೈಯ ಸೇವಕನಲ್ಲ, ಸರಿಸಮಾನ ಸಹೋದರ. ಬಲಗೈ ಹಾಡಿದ್ದನ್ನು ಎಡಗೈಯೂ ಹಾಡಬೇಕು.

ಸರಿಸುಮಾರು 125 ವರ್ಷಗಳ ಬಳಿಕ ಇನ್ನೊಬ್ಬ ತಂದೆ ಇದೇ ದಾರಿ ತುಳಿದರು. ಬಲಗೈ ಬೆರಳಿನ ತೊಂದರೆಯಿಂದ ವಾದಕನಾಗುವ ಕನಸನ್ನೇ ಕೈಬಿಟ್ಟಿದ್ದ ರಾಬರ್ಟ್ ಶೂಮನ್, 1848ರ ಸೆಪ್ಟೆಂಬರ್ 1ರಂದು ಏಳು ತುಂಬಿದ ಮಗಳು ಮರೀಯಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೆಲವು ಪುಟ್ಟ ಕೃತಿಗಳನ್ನು ರಚಿಸಿದರು. ಅದೇ ಬೆಳೆದು 43 ಕೃತಿಗಳ 'ಎಳೆಯರ ಸಂಪುಟ'ವಾಯಿತು. ಕಠಿಣ ಕೃತಿಯನ್ನು ಸಾಧಾರಣವಾಗಿ ನುಡಿಸುವುದಕ್ಕಿಂತ ಸುಲಭವಾದುದನ್ನು ಸುಂದರವಾಗಿ ನುಡಿಸುವುದೇ ಲೇಸೆಂಬುದು ಅವರು ಯುವ ಸಂಗೀತಗಾರರಿಗೆ ನೀಡಿದ ಸಲಹೆಗಳಲ್ಲೊಂದು. 20ನೆಯ ಶತಮಾನದಲ್ಲಿ ಹಂಗೆರಿಯ ಬೇಲಾ ಬಾರ್ಟೋಕ್ 1926ರಿಂದ 1939ರ ನಡುವೆ 153 ಕೃತಿಗಳ 'ಮೈಕ್ರೊಕಾಸ್ಮಾಸ್' ರಚಿಸಿದರು. ಆರು ಸಂಪುಟಗಳಲ್ಲಿ ಮೊದಲ ಎರಡು ಮಗ ಪೀಟರ್‌ನಿಗೆ ಅರ್ಪಿತ.

ಇಂದಿನ ಸಂಗೀತ ಶಿಕ್ಷಣದಲ್ಲಿ ಈ ಧಾರೆ ಎಷ್ಟೋ ಕಡೆ ಬತ್ತಿದೆ. ನಮ್ಮ ಬೆಂಗಳೂರು, ಮಂಗಳೂರುಗಳಲ್ಲಿಯೂ ಮಕ್ಕಳು ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಿಗೆ ಕೂರುತ್ತಾರೆ. ಅದು ಒಳ್ಳೆಯದೇ. ಆದರೆ ಪರೀಕ್ಷೆಗೆ ಬೇಕಾದ ಮೂರ್ನಾಲ್ಕು ಕೃತಿಗಳನ್ನೇ ವರ್ಷವಿಡೀ ತಿಕ್ಕುತ್ತಾ ಕುಳಿತರೆ ಅಂಕ ಬರಬಹುದು, ಸಂಗೀತದ ಮೇಲಣ ಪ್ರೀತಿ ಬತ್ತಿಹೋಗಬಹುದು. ಇದನ್ನು ಮನಗಂಡ ಆಸ್ಟ್ರೇಲಿಯಾದ ಶಿಕ್ಷಕಿ ಹಾಗೂ ಸಂಯೋಜಕಿ ಎಲಿಸ್ಸಾ ಮಿಲ್ನ್, ವರ್ಷಕ್ಕೆ 40 ಕೃತಿಗಳನ್ನು ಕಲಿಯುವ ಪಂಥವನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಅವುಗಳಲ್ಲಿ ಬಹುಪಾಲು ಸುಲಭವಾದವೇ ಆಗಿರಲೇಬೇಕಲ್ಲವೇ? ಒಂದನ್ನು ಮುಗಿಸಿದ ತೃಪ್ತಿಯೇ ಮುಂದಿನದಕ್ಕೆ ಕೈಹಿಡಿದು ನಡೆಸುತ್ತದೆ. ಪ್ರತಿಯೊಂದರಲ್ಲೂ ಹೊಸ ಸ್ವರಗಳನ್ನು ಓದುವುದರಿಂದ ಕಣ್ಣು, ಕಿವಿ, ಬೆರಳುಗಳು ಒಟ್ಟಾಗಿ ಪಳಗುತ್ತವೆ.

ನೀವು ಮಕ್ಕಳಿಗೆ ಪಿಯಾನೊ ಕಲಿಸುತ್ತಿರಬಹುದು, ಅಥವಾ ನಡುವಯಸ್ಸಿನಲ್ಲಿ ನೀವೇ ಕಲಿಯಹೊರಟಿರಬಹುದು. ದೊಡ್ಡದೊಂದು ಕೈಗೆಟುಕಲಿಲ್ಲವೆಂದು ಕೊರಗದಿರಿ. ಹನಿಗೂಡಿ ಹಳ್ಳ ಎಂಬ ನಮ್ಮ ಗಾದೆ ಇಲ್ಲಿಗೂ ಸಲ್ಲುತ್ತದೆ. ಬಾಖ್, ಶೂಮನ್, ಬಾರ್ಟೋಕ್ ಮೂವರೂ ಮಹಾಕೃತಿಗಳನ್ನು ರಚಿಸಬಲ್ಲವರಾಗಿದ್ದರು, ರಚಿಸಿಯೂ ಇದ್ದರು. ಆದರೂ ತಾವು ಅತಿಯಾಗಿ ಪ್ರೀತಿಸಿದವರ ಕೈಗೆ ಅವರು ಮೊದಲು ಇತ್ತದ್ದು ಕಿರಿದನ್ನೇ.