ಥಿಯಾ ಸಿಸ್ಟರ್ ಕಾಗದಪತ್ರ, ನಮ್ಮ ಮನಿ ಟ್ರಂಕು



ಗುಲಾಮರ ಮೊಮ್ಮಗಳೊಬ್ಬರು ಡಾಕ್ಟರೇಟ್ ಪಡೆದ ಕಥಿ ಕೇಳ್ರಿ. ಥಿಯಾ ಬೋಮನ್ 1937ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಹುಟ್ಟಿ, ಕ್ಯಾಂಟನ್ ಊರಲ್ಲಿ ಬೆಳೆದರು. ಅಲ್ಲಿ ಬಿಳಿಯರಿಗೊಂದು ಸಾಲಿ, ಕಪ್ಪು ಜನರಿಗೊಂದು ಸಾಲಿ. ನಮಗಿದು ಹೊಸ ಮಾತಲ್ಲ. ಸರ್ಕಾರಿ ಸಾಲ್ಯಾಗ ಮಗಳ ಓದು ಸಾಗದ್ದನ್ನು ಕಂಡ ತಂದೆ-ತಾಯಿ, ಆಕೆಯನ್ನು ಕ್ಯಾಥೊಲಿಕ್ ಸಿಸ್ಟರುಗಳ ಶಾಲೆಗೆ ಹಾಕಿದರು. 1953ರಲ್ಲಿ, 15ನೇ ವಯಸ್ಸಿಗೆ, ತಾವೂ ಸಿಸ್ಟರ್ ಆಗಲೆಂದು ದೂರದ ಲಾ ಕ್ರಾಸ್ ಊರಿನ ಫ್ರಾನ್ಸಿಸ್ಕನ್ ಮಠ ಸೇರಿದರು. ಅಲ್ಲಿ ಕಪ್ಪು ಹುಡುಗಿ ಅವರೊಬ್ಬರೇ. ಮುಂದೆ ಕ್ಯಾಂಟನ್ನಿನಲ್ಲಿ ತಾವು ಕಲಿತ ಶಾಲೆಯಲ್ಲೇ ಪಾಠ ಹೇಳಿದರು. 1972ರಲ್ಲಿ ಇಂಗ್ಲಿಷ್ ವಿಷಯದಲ್ಲಿ ಡಾಕ್ಟರೇಟ್ ಪಡೆದು ಕಾಲೇಜಿನಲ್ಲೂ ಕಲಿಸಿದರು.

1989ರ ಜೂನ್‌ನಲ್ಲಿ, ಕ್ಯಾನ್ಸರ್ ಹಣ್ಣು ಮಾಡಿದ್ದರೂ, ಗಾಲಿಕುರ್ಚಿಯಲ್ಲಿ ಕೂತೇ ದೇಶದ ಬಿಷಪ್ಪರ ಮುಂದೆ ಹಾಡಿದರು. ನಮ್ಮ ಜನರ ಇತಿಹಾಸ, ಹಾಡು ಎಲ್ಲ ತಗೊಂಡೇ ಚರ್ಚಿಗೆ ಬರ್ತೀವಿ ಅನ್ನುವ ಅರ್ಥದಲ್ಲಿ ಮಾತಾಡಿದರು. ಬಿಷಪ್ಪರನ್ನೂ ಎಬ್ಬಿಸಿ, ಕೈ ಕೈ ಹಿಡಿಸಿ ಹಾಡಿಸಿದರು. 1990ರ ಮಾರ್ಚ್ 30ರಂದು ತೀರಿಕೊಂಡರು.

ಇದೆಲ್ಲ ನಮಗೆ ಹೆಂಗ ತಿಳೀತು? ಅವರ ಕಾಗದಪತ್ರಗಳನ್ನು ಮಠದವರು ಜೋಪಾನ ಮಾಡಿದ್ದಕ್ಕೆ.

ಈಗ ನಮ್ಮ ಕೇರಿ ನೋಡ್ರಿ. ಮೊದಲು ಸಾಲಿ ಮೆಟ್ಟಿಲು ಹತ್ತಿದ ಅವ್ವ, ಆಯಿಗಳ ಸರ್ಟಿಫಿಕೇಟು, ಪತ್ರ, ಫೋಟೊ ಟ್ರಂಕಿನ್ಯಾಗ ಗೆದ್ದಲ ಪಾಲಾಗ್ತಾವ, ಇಲ್ಲಾ ರದ್ದಿಗೆ ಹೋಗ್ತಾವ. ಕಾಗದ ಹೋದ್ರ ಅವರು ಪಟ್ಟ ಪಾಡಿಗೆ ಸಾಕ್ಷಿನೇ ಇಲ್ಲ. ಈ ವರ್ಷ ನಿಮ್ಮ ಮನಿ ಟ್ರಂಕು ತೆಗೀರಿ. ಫೋಟೊದ ಹಿಂದೆ ಹೆಸರು, ಊರು, ಇಸವಿ ಬರೆದಿಡ್ರಿ. ನಮ್ಮ ಇತಿಹಾಸ ನಾವೇ ಕಾಯಬೇಕು.

ಜೈ ಭೀಮ್!