ದಂಡಿನ ಚುಟ್ಟಾ, ಪೇಟೆಯ ನಶ್ಯ

ಒಳ್ಳೆಯ ಸಿಗಾರನ್ನು ಸೇದುವುದಕ್ಕೂ ಸವಿಯುವುದಕ್ಕೂ ವ್ಯತ್ಯಾಸವಿದೆ ಎನ್ನುತ್ತಾರೆ ಬಲ್ಲವರು. ಮೊದಲು ಅದನ್ನು ಬೆರಳುಗಳ ನಡುವೆ ಮೆಲ್ಲಗೆ ಒತ್ತಿ ಹದ ನೋಡಬೇಕು. ಮೂಗಿನ ಬಳಿ ಹಿಡಿದು ವಾಸನೆ ಗ್ರಹಿಸಬೇಕು. ತುದಿ ಕತ್ತರಿಸಿ, ಉರಿಗೆ ನೇರವಾಗಿ ಒಡ್ಡದೆ, ತಿರುಗಿಸುತ್ತ ನಿಧಾನವಾಗಿ ಹೊತ್ತಿಸಬೇಕು. ಹೊಗೆಯನ್ನು ಎದೆಗೆ ಎಳೆದುಕೊಳ್ಳದೆ ಬಾಯಲ್ಲಿ ಕ್ಷಣಕಾಲ ಇರಿಸಿಕೊಂಡು ಹೊರಬಿಡಬೇಕು. ಅವಸರಪಟ್ಟರೆ ಸಿಗಾರು ಕಾದು ಕಹಿಯಾಗುತ್ತದೆ. ಒಂದು ದೊಡ್ಡ ಸಿಗಾರು ಮುಗಿಯಲು ಒಂದು ಗಂಟೆಯಾದರೂ ಬೇಕು.

ಬೆಂಗಳೂರಿನಲ್ಲಿ ಈ ಶಾಸ್ತ್ರವೆಲ್ಲ ದಂಡು ಪ್ರದೇಶಕ್ಕೆ, ಅಂದರೆ ಬ್ರಿಟಿಷರ ಬಂಗಲೆ ಮತ್ತು ಕ್ಲಬ್ಬುಗಳಿಗೆ ಸೇರಿದ್ದು ಎಂಬ ಭಾವನೆ ಇದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಅದೇ ಎಲೆಯನ್ನು ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳ ಜನರೂ ಸವಿಯುತ್ತಿದ್ದರು. ಅವರ ದಾರಿ ಮಾತ್ರ ಬೇರೆಯಾಗಿತ್ತು. ಒಂದೇ ಊರಿನ ಎರಡು ಭಾಗಗಳು ಒಂದೇ ಗಿಡವನ್ನು ಎರಡು ಬಗೆಯಲ್ಲಿ ಒಲಿಸಿಕೊಂಡದ್ದೇಕೆ?

ಬಿಜಾಪುರದಿಂದ ಆಗ್ರಾಕ್ಕೆ

ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದ ಈ ಗಿಡವನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅದು ಉತ್ತರ ಭಾರತದ ಅರಮನೆಗೆ ಹೋದದ್ದು ಕರ್ನಾಟಕದ ಮಾರ್ಗವಾಗಿ ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಎಂಬಾತ ಬಿಜಾಪುರಕ್ಕೆ (ಇಂದಿನ ವಿಜಯಪುರ) ಬಂದಿದ್ದ. ಆಗ ಅಲ್ಲಿ ಆಳುತ್ತಿದ್ದವನು ಸಂಗೀತಪ್ರೇಮಿ ಎರಡನೇ ಇಬ್ರಾಹಿಂ ಆದಿಲ್ ಶಾ. ಉತ್ತರದಲ್ಲಿ ತಾನು ಕಾಣದಿದ್ದ ತಂಬಾಕನ್ನು ಅಸದ್ ಬೇಗ್ ಬಿಜಾಪುರದಲ್ಲಿ ಕಂಡ. ಒಂದಿಷ್ಟು ಕೊಂಡ. ರತ್ನಖಚಿತವಾದ ಕೊಳವೆಯೊಂದನ್ನು ಮಾಡಿಸಿ, ಉಳಿದ ಉಡುಗೊರೆಗಳ ಜೊತೆ ಬಾದಷಹನ ಮುಂದಿಟ್ಟ.

ಅಲ್ಲಿ ನಡೆದ ಚರ್ಚೆಯನ್ನು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಅಕ್ಬರ್ ಕುತೂಹಲದಿಂದ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮ ತಡೆದ. ನಮ್ಮ ವೈದ್ಯಗ್ರಂಥಗಳಲ್ಲಿ ಇಲ್ಲದ, ಗುಣದೋಷ ಪರೀಕ್ಷೆಯಾಗದ ವಸ್ತುವನ್ನು ಪ್ರಭುಗಳು ಸೇವಿಸಬಾರದು ಎಂಬುದು ಆತನ ವಾದ. ಪ್ರಪಂಚದಲ್ಲಿ ಪ್ರತಿಯೊಂದು ರೂಢಿಯೂ ಒಂದಾನೊಂದು ಕಾಲಕ್ಕೆ ಹೊಸದೇ ಆಗಿತ್ತಲ್ಲವೇ ಎಂಬುದು ಅಸದ್ ಬೇಗನ ಪ್ರತಿವಾದ. ಅಕ್ಬರ್ ಚಟ ಅಂಟಿಸಿಕೊಳ್ಳಲಿಲ್ಲ. ಆದರೆ ಆಸ್ಥಾನಿಕರು ಬಿಡಲಿಲ್ಲ, ವರ್ತಕರೂ ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸುವಷ್ಟರ ಮಟ್ಟಿಗೆ ಅದು ಹಬ್ಬಿತ್ತು. ನಿಷೇಧದಿಂದ ಹೆಚ್ಚೇನೂ ಆಗಲಿಲ್ಲ. ಅತ್ತ ಇಂಗ್ಲೆಂಡಿನಲ್ಲಿ ಒಂದನೇ ಜೇಮ್ಸ್ ದೊರೆ 1604ರಲ್ಲೇ ತಂಬಾಕಿನ ವಿರುದ್ಧ ಪುಸ್ತಕವನ್ನೇ ಬರೆದಿದ್ದ. ಅವನ ಪ್ರಜೆಗಳೂ ಕೇಳಲಿಲ್ಲ.

ದಂಡಿನ ಹೊಗೆ

ಬೆಂಗಳೂರಿನ ಪೇಟೆ 1537ರಲ್ಲಿ ಕೆಂಪೇಗೌಡರು ಕಟ್ಟಿದ್ದು. ದೊಡ್ಡಪೇಟೆ (ಇಂದಿನ ಅವೆನ್ಯೂ ರಸ್ತೆ) ಮತ್ತು ಚಿಕ್ಕಪೇಟೆ ಬೀದಿಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ಎತ್ತು ಹೂಡಿ ಊರಿನ ಗೆರೆ ಎಳೆಸಿದರೆಂಬುದು ಐತಿಹ್ಯ. 1791ರಲ್ಲಿ ಕಾರ್ನ್‌ವಾಲಿಸ್ ಈ ಪೇಟೆಯನ್ನು ಹಿಡಿದ. 1809ರಲ್ಲಿ ಬ್ರಿಟಿಷ್ ಸೇನೆ ಪೇಟೆಗೆ ಪೂರ್ವದಲ್ಲಿ ದಂಡು ಕಟ್ಟಿತು. ಅಲ್ಲಿಂದ ಮುಂದೆ, 1949ರಲ್ಲಿ ಒಂದೇ ನಗರಪಾಲಿಕೆಯಾಗುವ ತನಕ, ಬೆಂಗಳೂರು ಎಂದರೆ ಎರಡು ಊರು.

ದಂಡಿನವರ ಸಿಗಾರು ಕ್ಯೂಬಾದಿಂದಲೇ ಬರಬೇಕಾಗಿರಲಿಲ್ಲ. ನೆರೆಯ ಮದ್ರಾಸು ಪ್ರಾಂತ್ಯದ ತಿರುಚಿನಾಪಳ್ಳಿ ಮತ್ತು ದಿಂಡಿಗಲ್ಲಿನ ಚುಟ್ಟಾಗಳು ಜಗತ್ತಿಗೇ ಹೆಸರಾಗಿದ್ದವು. ಇಂಗ್ಲಿಷಿನ ‘ಚೆರೂಟ್’ ಎಂಬ ಪದವೇ ತಮಿಳಿನ ‘ಸುರುಟ್ಟು’ವಿನಿಂದ ಬಂದದ್ದು. ನಮ್ಮ ಸುರುಟು, ಸುರುಳಿ ಎಂಬ ಮಾತುಗಳು ಅದರ ದಾಯಾದಿಗಳು. ಮದ್ರಾಸಿನ ಸ್ಪೆನ್ಸರ್ ಕಂಪನಿ ದಿಂಡಿಗಲ್ಲಿನಲ್ಲಿ ಸಿಗಾರು ಕಾರ್ಖಾನೆ ನಡೆಸುತ್ತಿತ್ತು. 1887ರಲ್ಲಿ ಪ್ರಕಟವಾದ ಮೊದಲ ಷೆರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಪತ್ತೇದಾರನು ಕೊಲೆಗಾರನ ಜಾಡು ಹಿಡಿಯುವುದಕ್ಕೆ ಒದಗುವ ಸುಳಿವುಗಳಲ್ಲಿ ತಿರುಚಿನಾಪಳ್ಳಿ ಚುಟ್ಟಾದ ಬೂದಿಯೂ ಒಂದು. ಲಂಡನ್ನಿನ ಓದುಗರಿಗೆ ಆ ಹೆಸರನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಜಗತ್ತಿನ ಅತಿ ಪ್ರಸಿದ್ಧ ಸಿಗಾರುಪ್ರಿಯನೂ ಈ ದಂಡಿನಲ್ಲಿ ಬದುಕಿದವನೇ. 1896ರಲ್ಲಿ ವಿನ್‌ಸ್ಟನ್ ಚರ್ಚಿಲ್ ನಾಲ್ಕನೇ ಹುಸಾರ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದಾಗ ಅವನಿಗೆ ಇಪ್ಪತ್ತೊಂದು ವರ್ಷ. ಹಿಂದಿನ ವರ್ಷವೇ ಕ್ಯೂಬಾ ನೋಡಿ ಬಂದಿದ್ದ. ಇಲ್ಲಿ ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ, ಪೋಲೋ ಆಡಿದ, ಮಧ್ಯಾಹ್ನಗಳಲ್ಲಿ ಗಿಬ್ಬನ್, ಮೆಕಾಲೆಯರನ್ನು ಓದಿದ. ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ. 1899ರ ಆ ಬಾಕಿದಾರರ ಪಟ್ಟಿಯನ್ನು ಬೆಂಗಳೂರು ಕ್ಲಬ್ ಜೋಪಾನವಾಗಿ ಇಟ್ಟುಕೊಂಡಿದೆ.

ಪೇಟೆಯ ಚಿಟಿಕೆ

ಪೇಟೆಗೆ ಬಂದರೆ ಚಿತ್ರ ಬೇರೆ. ಹೊಗೆಸೊಪ್ಪು ಬರುವ ಮೊದಲೇ ಇಲ್ಲಿ ತಾಂಬೂಲದ ರುಚಿಶಾಸ್ತ್ರವಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವೀಳ್ಯದ ಗುಣಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಎಲೆಯ ಚಿಗುರು, ಅಡಿಕೆಯ ಹೋಳು, ಸುಣ್ಣದ ಅಳತೆ ಎಲ್ಲಕ್ಕೂ ಲೆಕ್ಕವಿದ್ದ ಈ ವ್ಯವಸ್ಥೆಯೊಳಕ್ಕೆ ಹೊಗೆಸೊಪ್ಪು ಸದ್ದಿಲ್ಲದೆ ನುಸುಳಿತು. ಹೀಗಾಗಿ ಹೆಸರಿನಲ್ಲಿ ಮಾತ್ರ ‘ಹೊಗೆ’ ಉಳಿದು, ಸೊಪ್ಪು ಬಾಯಿಗೆ ಹೋಯಿತು. ಬೀಡಿ ಎಂಬ ಪದವೂ ಸಂಸ್ಕೃತದ ‘ವೀಟಿಕಾ’ದಿಂದ, ಅಂದರೆ ತಾಂಬೂಲದ ಸುರುಳಿಯಿಂದಲೇ ಬಂದದ್ದು. ಬೀಡಾ ಮತ್ತು ಬೀಡಿ ಒಂದೇ ತಾಯಿಯ ಮಕ್ಕಳು.

ಇನ್ನು ನಶ್ಯ. ಆಯುರ್ವೇದದಲ್ಲಿ ಮೂಗಿನ ಮೂಲಕ ಔಷಧ ಕೊಡುವ ಕ್ರಮಕ್ಕೆ ನಸ್ಯ ಎಂದು ಹೆಸರು. ಹೊಗೆಸೊಪ್ಪಿನ ಪುಡಿ ಬಂದಾಗ ಆ ಹಳೆಯ, ಗೌರವಸ್ಥ ಹೆಸರನ್ನೇ ಹೊದ್ದುಕೊಂಡಿತು. ಸಂಪ್ರದಾಯಸ್ಥರು ಅದನ್ನು ಒಪ್ಪಿದ್ದಕ್ಕೆ ಇದೂ ಒಂದು ಕಾರಣವಿರಬಹುದು. ಇನ್ನೊಂದು ಕಾರಣ ಮಡಿ. ಚುಟ್ಟಾ ತುಟಿಗೆ ತಾಗಿದರೆ ಎಂಜಲು. ನಶ್ಯಕ್ಕೆ ಎಂಜಲಿನ ಪ್ರಶ್ನೆಯಿಲ್ಲ. ಬೀದಿಯಲ್ಲಿ ಬೀಡಿ ಹಚ್ಚುವವನನ್ನು ಕಂಡು ಮುಖ ಸಿಂಡರಿಸುತ್ತಿದ್ದ ವೈದಿಕರೂ ಪಂಚೆಯ ಸೊಂಟದಿಂದ ನಶ್ಯದ ಡಬ್ಬಿ ತೆಗೆಯಲು ಸಂಕೋಚಪಡುತ್ತಿರಲಿಲ್ಲ. ಮೂರನೆಯ ಕಾರಣ ತೀರ ಸರಳ. ಇಕ್ಕಟ್ಟಾದ ಅಂಗಡಿಯಲ್ಲಿ ಹತ್ತಿ, ರೇಷ್ಮೆಯ ರಾಶಿ ಪೇರಿಸಿಕೊಂಡು ಗಾದಿಯ ಮೇಲೆ ಕುಳಿತ ವರ್ತಕನಿಗೆ ಬೆಂಕಿಯ ಸಹವಾಸ ಬೇಡ. ಚಿಟಿಕೆ ನಶ್ಯಕ್ಕೆ ಕಡ್ಡಿಪೆಟ್ಟಿಗೆ ಬೇಕಿಲ್ಲ, ಗಿರಾಕಿಯನ್ನು ಕಾಯಿಸಬೇಕಿಲ್ಲ.

ಇದರಲ್ಲೂ ರುಚಿಯ ತಾರತಮ್ಯವಿತ್ತು. ಮದ್ರಾಸು ನಶ್ಯಕ್ಕೆ ಹೊಗೆಸೊಪ್ಪನ್ನು ಒಣಗಿಸಿ, ಹುರಿದು, ನುಣ್ಣಗೆ ಅರೆದು, ಸುಣ್ಣ ಮತ್ತು ತುಪ್ಪ ಸೇರಿಸುತ್ತಾರೆ. ಪುಡಿ ಎಷ್ಟು ನಯ, ಖಾರ ಎಷ್ಟು, ತುಪ್ಪದ ವಾಸನೆ ಕಮಟಿದೆಯೇ ಎಂಬುದನ್ನು ಪಳಗಿದ ಮೂಗು ಒಂದೇ ಚಿಟಿಕೆಯಲ್ಲಿ ಹೇಳಬಲ್ಲದು. ಇದು ಸಿಗಾರುಪ್ರಿಯನ ಪರೀಕ್ಷೆಗಿಂತ ಕಡಿಮೆಯದೇನಲ್ಲ.

ಸುಣ್ಣದ ಗುಟ್ಟು

ವಿಜ್ಞಾನ ಈ ಎರಡು ಶಾಸ್ತ್ರಗಳನ್ನೂ ಒಂದೇ ಸೂತ್ರಕ್ಕೆ ತರುತ್ತದೆ. ಹೊಗೆಸೊಪ್ಪಿನಲ್ಲಿ ಅಮಲು ತರುವುದು ನಿಕೋಟಿನ್. ಕ್ಷಾರಗುಣವಿದ್ದಾಗ ಅದು ಬಾಯಿ, ಮೂಗಿನ ತೆಳು ಪೊರೆಯ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ಸಿಗಾರಿನ ಎಲೆಗಳನ್ನು ರಾಶಿ ಹಾಕಿ ವಾರಗಟ್ಟಲೆ, ತಿಂಗಳುಗಟ್ಟಲೆ ಹುದುಗಲು ಬಿಡುತ್ತಾರೆ. ಅದರ ಹೊಗೆ ಕ್ಷಾರೀಯ. ಅದಕ್ಕೇ ಹೊಗೆಯನ್ನು ಎದೆಗೆ ಎಳೆಯದಿದ್ದರೂ ಅಮಲು ಸಿಗುತ್ತದೆ. ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಸವರಿ ತಿಕ್ಕುವವನು ಅದೇ ಕೆಲಸವನ್ನು ಅರೆ ನಿಮಿಷದಲ್ಲಿ ಮಾಡುತ್ತಾನೆ. ಬಿಸಿಗಾಳಿಯಲ್ಲಿ ಹದಮಾಡಿದ ವರ್ಜೀನಿಯಾ ಎಲೆಯ ಹೊಗೆಯಾದರೋ ಆಮ್ಲೀಯ. ಅದು ನಾಟಬೇಕಾದರೆ ಶ್ವಾಸಕೋಶಕ್ಕೇ ಎಳೆಯಬೇಕು. ಸಿಗರೇಟು ಹೆಚ್ಚು ಕೊಲ್ಲುವುದಕ್ಕೆ ಇದೊಂದು ಮುಖ್ಯ ಕಾರಣ. 1910ರ ದಶಕದಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ಸಿಗರೇಟು ಕಾರ್ಖಾನೆ ಬಂದ ಮೇಲೆ ಅಗ್ಗದ ಸಿಗರೇಟು ಚುಟ್ಟಾವನ್ನೂ ನಶ್ಯವನ್ನೂ ಹಿಂದಕ್ಕೆ ತಳ್ಳಿತು. ಪಿರಿಯಾಪಟ್ಟಣ, ಹುಣಸೂರುಗಳ ಹೊಲಗಳಲ್ಲಿ ಇಂದು ಬೆಳೆಯುವುದು ವರ್ಜೀನಿಯಾ ಎಲೆಯೇ.

ಹಾಗೆಂದು ಹೊಗೆಯಿಲ್ಲದ ತಂಬಾಕು ನಿರಪಾಯ ಎನ್ನುವಂತಿಲ್ಲ. ಅಗಿಯುವ ಹೊಗೆಸೊಪ್ಪು ಬಾಯಿಯ ಕ್ಯಾನ್ಸರಿಗೆ ಕಾರಣ ಎಂಬುದು ಸಾಬೀತಾಗಿದೆ. ನಶ್ಯದಲ್ಲೂ ಕ್ಯಾನ್ಸರ್ ತರುವ ವಸ್ತುಗಳಿವೆ. ಸಿಗಾರೂ ಬಿಡುವುದಿಲ್ಲ. ಮನಶ್ಶಾಸ್ತ್ರಜ್ಞ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡು, ಹತ್ತಾರು ಶಸ್ತ್ರಚಿಕಿತ್ಸೆಗಳಾದರೂ ಅವನು ಸಿಗಾರು ಬಿಡಲಿಲ್ಲ.

ಸವಿಯುವವರ ಕಥೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವವರು ಬೆಳೆಯುವವರು ಮತ್ತು ಸುರುಟುವವರು. ನಿಪ್ಪಾಣಿಯ ಬೀಡಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ 1981ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್‌ನಲ್ಲಿ ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಅದೇ ಊರಿನ ಕಾರ್ಖಾನೆಗಳಲ್ಲಿ ತಂಬಾಕಿನ ಧೂಳಿನ ನಡುವೆ ದುಡಿಯುತ್ತಿದ್ದ ಹೆಂಗಸರೂ, ಮಂಗಳೂರು ಕಡೆ ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿದ ತಾಯಂದಿರೂ ಸಿಗಾರಿನ ರುಚಿ ನೋಡಿದವರಲ್ಲ. ಆ ಎಲೆಯ ಘಾಟು ಮಾತ್ರ ಅವರ ಕೈ, ಕಣ್ಣು, ಉಸಿರಿಗೆಲ್ಲ ಗೊತ್ತು.

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನದ ನಿಷೇಧ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಬಿಗಿಯಾಯಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹುಕ್ಕಾವನ್ನೂ ನಿಷೇಧಿಸಿತು. ಬಿಜಾಪುರದಿಂದ ರತ್ನಖಚಿತ ಕೊಳವೆ ಹೊರಟ ನಾಲ್ಕು ಶತಮಾನಗಳ ಮೇಲೆ ಅದೇ ನಾಡು ಕೊಳವೆಗೆ ಬಾಗಿಲು ಹಾಕಿದೆ. ಗುಣದೋಷ ತಿಳಿಯದೆ ಬಾಯಿಗಿಡಬೇಡಿ ಎಂದಿದ್ದ ಅಕ್ಬರನ ಹಕೀಮ ಕೇಳಿದ್ದು ಪುರಾವೆಯನ್ನು. ಈಗ ಅದು ಕೈಯಲ್ಲಿದೆ.